ನಡಿಗೆ ಪಾರ್ಟಿ, ಕಬ್ಬಿಣದ ಪಾರ್ಟಿ

ಗುಂಡ್ಲುಪೇಟೆಯಲ್ಲಿ ಎಲೆಕ್ಷನ್ ಇರಲಿ ಬಿಡಲಿ, ಬೆಳಗಿನ ಐದೂವರೆಗೆ ಎರಡು ಪಾರ್ಟಿಗಳು ಎದ್ದು ಬೀದಿಗೆ ಬರುತ್ತವೆ. ಒಂದು ನಡಿಗೆ ಪಾರ್ಟಿ, ಇನ್ನೊಂದು ಕಬ್ಬಿಣದ ಪಾರ್ಟಿ. ಎರಡರ ಗುರಿಯೂ ಒಂದೇ, ಸೊಂಟದ ಸುತ್ತ ಪಟ್ಟಾಗಿ ಕೂತಿರುವುದನ್ನು ಎಬ್ಬಿಸಿ ಕಳಿಸುವುದು. ಆದರೆ ಒಂದರ ಮುಖ ಕಂಡರೆ ಇನ್ನೊಂದಕ್ಕೆ ಆಗದು.

ನಡಿಗೆ ಪಾರ್ಟಿಯಲ್ಲಿರುವವರು ಬಹುಪಾಲು ನನ್ನ ಓರಗೆಯವರು. ರಿಟೈರಾದ ಮೇಷ್ಟ್ರುಗಳು, ಎಲ್‌ಐಸಿ ಏಜೆಂಟರು, ಅಂಗಡಿಯನ್ನು ಮಗನಿಗೆ ಬಿಟ್ಟುಕೊಟ್ಟೂ ಗಲ್ಲಾಪೆಟ್ಟಿಗೆಯ ಬೀಗದ ಕೈ ಬಿಡದ ಶೆಟ್ಟರು. ಮಫ್ಲರು ಸುತ್ತಿ, ಮಂಕಿಟೋಪಿ ಏರಿಸಿ, ಪಂಚೆಯ ಕೆಳಗೆ ಕ್ಯಾನ್ವಾಸ್ ಶೂ ಹಾಕಿ ಊಟಿ ರಸ್ತೆ ಹಿಡಿಯುತ್ತಾರೆ. ಇವರಿಗೆ ಗಡಿಯಾರ ಬೇಡ. ಬಂಡೀಪುರದ ಕಾಡಿನೊಳಗೆ ರಾತ್ರಿ ಒಂಬತ್ತರಿಂದ ಬೆಳಿಗ್ಗೆ ಆರರವರೆಗೆ ಲಾರಿ ಕಾರು ಬಿಡುವುದಿಲ್ಲ, 2009ರಿಂದ ಹೀಗೆ. ಆರಕ್ಕೆ ಗೇಟು ತೆಗೆದು, ರಾತ್ರಿಯೆಲ್ಲ ಆಚೆ ನಿಂತಿದ್ದ ಲಾರಿಗಳು ಪೇಟೆ ಮುಟ್ಟುವ ಹೊತ್ತಿಗೆ ಇವರು ತಿರುಗಿ ಬಂದು ಹೋಟೆಲಿನ ಬೆಂಚಿನ ಮೇಲೆ ಕೂತಿರಬೇಕು. ದಾರಿಯುದ್ದಕ್ಕೂ ಸೈಟಿನ ರೇಟು, ಪೆನ್ಷನ್ನು, ಅವರವರ ಸಕ್ಕರೆಯ ಅಂಕಿ. "ಫಾಸ್ಟಿಂಗ್ ನೂರಾ ಮೂವತ್ತು" ಎಂದು ಒಬ್ಬರು ಹೇಳಿದರೆ, ಪಕ್ಕದವರು ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕೇಳಿದಷ್ಟು ಅಸೂಯೆಪಡುತ್ತಾರೆ.

ಹೋಟೆಲಿನಲ್ಲಿ ಆಗುವುದನ್ನು ಲೆಕ್ಕದ ಮೇಷ್ಟ್ರು ಯಾರಾದರೂ ಬರೆದಿಡಬೇಕಿತ್ತು. ಎಂಬತ್ತು ಕಿಲೋ ತೂಗುವ ಮನುಷ್ಯ ಐದು ಕಿಲೋಮೀಟರ್ ನಡೆದರೆ ಸುಮಾರು ಮುನ್ನೂರು ಕ್ಯಾಲೊರಿ ಖರ್ಚು. ಎರಡು ಉದ್ದಿನವಡೆ, ಸಾಂಬಾರು, ಸಕ್ಕರೆ ಹಾಕಿದ ಕಾಫಿ, ಅಲ್ಲಿಗೆ ಜಮಾ ಖರ್ಚು ಸಮ. ಒಂದು ಕಿಲೋ ಕೊಬ್ಬಿನಲ್ಲಿ ಹತ್ತಿರಹತ್ತಿರ 7,700 ಕ್ಯಾಲೊರಿ ಇರುತ್ತದೆ. ವಡೆಯನ್ನು ಬಿಟ್ಟು ನಡೆದರೂ ಆ ಒಂದು ಕಿಲೋ ಹೋಗಲು ಹತ್ತಿರಹತ್ತಿರ ಇಪ್ಪತ್ತಾರು ದಿನ ಬೇಕು. ಬಿಡುವುದಾದರೂ ಯಾರು? ನಡೆದು ಬಂದದ್ದಕ್ಕೆ ಒಂದು ಬಹುಮಾನ ಬೇಡವೇ ಎಂಬುದು ನಡಿಗೆ ಪಾರ್ಟಿಯ ಪ್ರಣಾಳಿಕೆಯ ಮೊದಲ ಸಾಲು.

ಕಬ್ಬಿಣದ ಪಾರ್ಟಿಯ ಆಫೀಸು ಗೊಬ್ಬರದ ಅಂಗಡಿಯ ಮಹಡಿಯ ಮೇಲಿದೆ. ಮೆಟ್ಟಿಲು ಹತ್ತುವಾಗ ಒಂದು ಕಡೆಯಿಂದ ಯೂರಿಯಾದ ವಾಸನೆ, ಇನ್ನೊಂದು ಕಡೆಯಿಂದ ಹುಡುಗರ ಬೆವರಿನದು. ಮುಂಗಾರು ಹಿಡಿಯುತ್ತಿದ್ದ ಹಾಗೆ ಕೆಳಗೆ ಲಾರಿ ನಿಂತು ಮೂಟೆ ಇಳಿಸಲು ಶುರು. ಮೊದಲು ಯೂರಿಯಾ ಮೂಟೆ ಐವತ್ತು ಕಿಲೋ ಇತ್ತು, 2018ರಿಂದ ನಲವತ್ತೈದಾಗಿದೆ. ಹಮಾಲಿ ಲಾರಿಯ ಅಂಚಿಗೆ ಬೆನ್ನು ಕೊಟ್ಟು ನಿಂತು, ಮೊಣಕಾಲು ಕೊಂಚ ಬಗ್ಗಿಸಿ, ಮೂಟೆ ಬೀಳುತ್ತಿದ್ದ ಹಾಗೇ ಕುತ್ತಿಗೆಯನ್ನು ಪಕ್ಕಕ್ಕೆ ವಾಲಿಸಿ, ನಡಿಗೆಯೂ ಅಲ್ಲದ ಓಟವೂ ಅಲ್ಲದ ಒಂದು ಗತಿಯಲ್ಲಿ ಒಳಗೆ ನುಗ್ಗುತ್ತಾನೆ. ಭಾರ ಇಳಿಸಿ ಬರುವಾಗ ತಲೆಯ ಮೇಲಿನ ಟವೆಲಿನಿಂದ ಒಮ್ಮೆ ಮುಖ ಒರೆಸಿಕೊಂಡರೆ ಅಷ್ಟೇ ವಿರಾಮ. ಮೇಲ್ಗಡೆ ಹುಡುಗರು ಅಷ್ಟೇ ಭಾರವನ್ನು ಕನ್ನಡಿಯ ಮುಂದೆ ಹತ್ತು ಸಲ ಎತ್ತಿಳಿಸಿ, ಎರಡು ನಿಮಿಷ ಮೊಬೈಲು ನೋಡಿ, ಮತ್ತೆ ಎತ್ತುತ್ತಾರೆ.

ಒಂದು ದಿನ ಆ ಹಮಾಲಿ ಟೀ ಕುಡಿಯುತ್ತ ನನ್ನನ್ನು ತಡೆದು ಕೇಳಿದ.

"ಸಾ, ಮ್ಯಾಲ ಎತ್ತಿ ಇಳ್ಸದ್ಕ ತಿಂಗ್ಳಿಗ ಎಷ್ಟ್ ಕೊಡ್ತರ?"

"ಎಂಟುನೂರು" ಎಂದೆ.

"ಅಷ್ಟೇಯಾ? ಮೋಸ ಕನಿ ಸಾ. ನಮ್ಗ ಕೆಳ್ಗ ಒಂದಿನಕ್ಕ ಅಷ್ಟ್ ಸಿಕ್ತದ" ಎಂದು ಮರುಗಿದ. ಎಂಟುನೂರು ನಾನು ಕೊಡುವ ದುಡ್ಡು ಎಂದು ಬಿಡಿಸಿ ಹೇಳುವ ಧೈರ್ಯ ನನಗೆ ಬರಲಿಲ್ಲ.

ಎರಡೂ ಪಾರ್ಟಿಗೆ ನಾನು ಬೇಕಾದವನಾದದ್ದು ನನ್ನ ಊರಿನ ಹೆಸರಿನಿಂದ. ಹುಟ್ಟಿದ್ದು ಭೀಮನಬೀಡು, ಮೇಷ್ಟ್ರ ಕೆಲಸದ ದೆಸೆಯಿಂದ ಪೇಟೆ ಸೇರಿ ಕನ್ನಡ ಪಾಠ ಹೇಳಿಕೊಂಡಿದ್ದವನು. ಯಾವ ಊರು ಎಂದು ಕೇಳಿದವರು ಉತ್ತರ ಕೇಳಿಸಿಕೊಂಡು ಒಂದು ಸಲ ನನ್ನ ಹೊಟ್ಟೆ ನೋಡಿ "ಗೊತ್ತಾಯ್ತು ಬಿಡಿ" ಎನ್ನುವುದು ಅಭ್ಯಾಸವಾಗಿದೆ. ಬಕಾಸುರನಿಗೆ ಕಳಿಸಿದ ಬಂಡಿ ಅನ್ನವನ್ನು ದಾರಿಯಲ್ಲೇ ತೀರಿಸಿದ ಭೀಮನ ಒಂದು ಗುಣವಾದರೂ ಊರವನಲ್ಲಿ ಇಳಿದು ಬಂದಿದೆಯಲ್ಲ ಎಂದು ನಾನೂ ನಗುತ್ತೇನೆ. ಗದೆಯ ಭಾಗ ಇನ್ನೂ ಬರಬೇಕು.

ಆ ಹೊಟ್ಟೆ ಇಳಿಸಲೆಂದು ಹೋದಾಗ ಡಾಕ್ಟರು ಹೇಳಿದ್ದು ಇಷ್ಟೇ: "ಮೇಷ್ಟ್ರೇ, ಕೊಬ್ಬು ಹೋಗಲಿ, ಮಸಲ್ ಹೋಗಬಾರದು." ಕೇಳುವುದಕ್ಕೆ ಸುಲಭ. ಆದರೆ ನಡಿಗೆ ಪಾರ್ಟಿ ಸೇರಿ, ರಾತ್ರಿಯೂಟ ಅರ್ಧ ಮಾಡಿ, ಪ್ಯಾಂಟು ಜಾರುವಷ್ಟಾದ ಮೇಲೆ ಊರಿಗೆ ಹೋದಾಗ ಅವ್ವ ಜಗಲಿಯಿಂದಲೇ ನೋಡಿ ಹೌಹಾರಿದಳು.

"ಏನ್ಲಾ ಮಗ, ಹಿಂಗ ಸೊರಗೋಗಿದ್ದಯಲ್ಲ! ಸೊಸ ಉಣ್ಣಕ ಇಕ್ತಿಲ್ವಾ? ಇಲ್ಲ ಸಾಲ ಗೀಲ ಮಾಡ್ಕಂಡಿದ್ದಯಾ?"

ನಮ್ಮ ಊರಿನಲ್ಲಿ ತೂಕ ಇಳಿಯುವುದಕ್ಕೆ ಎರಡೇ ಕಾರಣ, ಕಾಯಿಲೆ ಇಲ್ಲವೇ ಸಾಲ. ಬೇಕೆಂದೇ ಇಳಿಸಿದೆ ಎಂದರೆ ಯಾರೂ ನಂಬುವುದಿಲ್ಲ. ಅವ್ವ ಹತ್ತಿರ ಕರೆದು ತೊಡೆ ಮುಟ್ಟಿ ನೋಡಿದಳು. ದನದ ಸಂತೆಯಲ್ಲಿ ಪಳಗಿದ ಕೈ ಅದು. "ಹೊಟ್ಟ ಹಂಗೇ ಅದ, ಕಾಲೇ ಬತ್ತೋಗದ" ಎಂದಳು. ಪೇಟೆಯ ಲ್ಯಾಬಿನಲ್ಲಿ ದುಡ್ಡು ಕೊಟ್ಟು ಮಾಡಿಸಿದ ಪರೀಕ್ಷೆಯೂ ಹೆಚ್ಚುಕಡಿಮೆ ಅದನ್ನೇ ಹೇಳಿತು.

ಹೀಗಾಗುವುದೇಕೆ ಎಂದು ಆಮೇಲೆ ಓದಿ ತಿಳಿದುಕೊಂಡದ್ದನ್ನು ನಮ್ಮ ಕಡೆಯವರಿಗೆ ಅರ್ಥವಾಗುವಂತೆ ಹೇಳುತ್ತೇನೆ. ಹಿಂದೆ ಒಕ್ಕಲಿನ ಮನೆಗಳಲ್ಲಿ ರಾಗಿಯನ್ನು ಹಗೇವಿನಲ್ಲಿ ತುಂಬುತ್ತಿದ್ದರು. ನೆಲದೊಳಗಿನ ಗುಂಡಿ, ಬಾಯಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಟ್ಟಲೆ ಹಾಳಾಗದು. ಬರ ಬಿತ್ತೆನ್ನಿ. ಯಜಮಾನ ಹಗೇವಿನಿಂದ ಒಂದಿಷ್ಟು ರಾಗಿ ತೆಗೆಯುತ್ತಾನೆ ನಿಜ, ಆದರೆ ಅದರ ಜೊತೆಗೇ ಅವನ ಕಣ್ಣು ಕೊಟ್ಟಿಗೆಯ ಮೇಲೆ ಬೀಳುತ್ತದೆ. ಉಳುವುದಕ್ಕೆ ಮಳೆಯಿಲ್ಲ, ಎತ್ತು ಸುಮ್ಮನೆ ನಿಂತು ಮೇವು ತಿನ್ನುತ್ತಿದೆ. ತೆರಕಣಾಂಬಿಯ ಸಂತೆಗೆ ಹೊಡೆದರೆ ಮೇವೂ ಉಳಿಯಿತು, ಕಾಸೂ ಬಂತು. ನಮ್ಮ ಮೈಯ ಯಜಮಾನನೂ ಇಂಥವನೇ. ಊಟ ಕಡಿಮೆಯಾಯಿತೋ, ಬರ ಬಂತೆಂದು ತಿಳಿಯುತ್ತಾನೆ. ಕೊಬ್ಬೆಂದರೆ ಹಗೇವಿನ ರಾಗಿ, ಇಟ್ಟುಕೊಳ್ಳಲು ಖರ್ಚಿಲ್ಲ. ಸ್ನಾಯುವೆಂದರೆ ಎತ್ತು, ಕೂತಲ್ಲೇ ಮೇವು ಬೇಡುತ್ತದೆ. ದುಡಿಮೆಯಿಲ್ಲದ ಎತ್ತನ್ನು ಮಾರುತ್ತಾನೆ. ಬರೀ ಊಟ ಬಿಟ್ಟು ತೂಕ ಇಳಿಸಿದವರಲ್ಲಿ ಇಳಿದ ನಾಲ್ಕು ಕಿಲೋದಲ್ಲಿ ಸುಮಾರು ಒಂದು ಕಿಲೋ ಕೊಬ್ಬಲ್ಲದ್ದೇ ಇರುತ್ತದೆ ಎಂಬುದು ವೈದ್ಯರ ಒಂದು ಅಂದಾಜು. ಎತ್ತು ಉಳಿಯಬೇಕಾದರೆ ವಾರಕ್ಕೆ ಎರಡು ದಿನವಾದರೂ ಅದಕ್ಕೆ ನೊಗ ಹೂಡುತ್ತಿರಬೇಕು. ಆಗ "ಇದು ಬೇಕಾದ ಜೀವ" ಎಂದು ಯಜಮಾನ ಹಗೇವಿನ ಕಡೆ ತಿರುಗುತ್ತಾನೆ. ಆ ನೊಗವೇ ಮಹಡಿಯ ಮೇಲಿನ ಕಬ್ಬಿಣ. ಬರೀ ನಡಿಗೆ ನೊಗವಲ್ಲ, ಎತ್ತನ್ನು ಹಗ್ಗ ಹಿಡಿದು ಓಡಾಡಿಸಿಕೊಂಡು ಬಂದ ಹಾಗೆ.

ಇದನ್ನು ತಿಳಿದು ನಾನು ಕಬ್ಬಿಣದ ಪಾರ್ಟಿಯ ಮೆಟ್ಟಿಲು ಹತ್ತಿದೆ. ಅಲ್ಲಿ ಹೇಳಿಕೊಡುವ ಹುಡುಗ ನನ್ನ ಹಳೆಯ ವಿದ್ಯಾರ್ಥಿ. ಕ್ಲಾಸಿನಲ್ಲಿ ಕೊನೆಯ ಬೆಂಚು, ಇಲ್ಲಿ ಗುರುಪೀಠ. ವ್ಯಾಕರಣದಲ್ಲಿ ಅವನನ್ನು ನಾನು ಬೆಂಚಿನ ಮೇಲೆ ನಿಲ್ಲಿಸಿದ್ದಕ್ಕೆ ಈಗ ಅವನು ನನ್ನನ್ನು ಬೆಂಚಿನ ಮೇಲೆ ಮಲಗಿಸುತ್ತಾನೆ. "ಸಾ, ವಾಕಿಂಗ್ ಬುಟ್ಬುಡಿ. ನಡದ್ರ ಮಸಲ್ ಎಲ್ಲಾ ಕರಗೋಯ್ತದ" ಎಂಬುದು ಅವನ ಮೊದಲ ಉಪದೇಶ. ಅತ್ತ ನಡಿಗೆ ಪಾರ್ಟಿಯವರ ಮೊದಲ ಉಪದೇಶ, "ಮೇಷ್ಟ್ರೇ, ಈ ವಯಸ್ಸಿನಲ್ಲಿ ಭಾರ ಎತ್ತಿದರೆ ಹಾರ್ಟು ನಿಲ್ಲುತ್ತೆ."

ಆ ಮಾತಿಗೆ ಅವರ ಬಳಿ ಒಂದು ತಾರೀಖು ಇದೆ: 2021ರ ಅಕ್ಟೋಬರ್ 29. ಪುನೀತ್ ರಾಜ್‌ಕುಮಾರ್ ತೀರಿಕೊಂಡ ದಿನ. ನಲವತ್ತಾರು ವಯಸ್ಸು. ಗಾಜನೂರು ನಮ್ಮ ಜಿಲ್ಲೆಯ ಗಡಿಯಾಚೆ ತಾಳವಾಡಿಯ ಕಡೆಗಿದ್ದರೂ ರಾಜಕುಮಾರ್ ಮನೆಯವರನ್ನು ಈ ಸೀಮೆ ಎಂದೂ ಹೊರಗಿನವರೆಂದು ಎಣಿಸಿಲ್ಲ. ಆ ಸಂಜೆ ಗುಂಡ್ಲುಪೇಟೆಯ ಅಂಗಡಿಗಳು ಬಾಗಿಲು ಹಾಕಿದವು, ಹೇಳುವವರು ಯಾರೂ ಬೇಕಾಗಲಿಲ್ಲ. ಮರುದಿನದಿಂದ ಮಹಡಿಯ ಜಿಮ್ಮು ಭಣಗುಟ್ಟಿತು. ಹೆಂಡಂದಿರು ಗಂಡಂದಿರ ಬ್ಯಾಗು ಬಚ್ಚಿಟ್ಟರು. ಮೈಸೂರಿನ ಜಯದೇವ ಆಸ್ಪತ್ರೆಯ ಮುಂದೆ ಹೃದಯ ತೋರಿಸಿಕೊಳ್ಳಲು ಜನ ಬೆಳಗಿನ ಜಾವದಿಂದಲೇ ಸಾಲು ನಿಂತರು. ಆ ವರ್ಷ ನಡಿಗೆ ಪಾರ್ಟಿಗೆ ಭಾರಿ ಬಹುಮತ. ಕಬ್ಬಿಣ ಎತ್ತಿದ್ದಕ್ಕೇ ಹೃದಯ ನಿಂತಿತೆಂದು ಹೇಳುವುದಕ್ಕೆ ಯಾವ ಆಧಾರವೂ ಇಲ್ಲ ಎಂದು ದೊಡ್ಡ ಡಾಕ್ಟರುಗಳು ಟೀವಿಯಲ್ಲಿ ಹೇಳಿದರೂ ದುಃಖದಲ್ಲಿರುವವರಿಗೆ ಅದು ನಾಟಲಿಲ್ಲ. ನನ್ನ ಶಿಷ್ಯ ಮಾತ್ರ ಅಪ್ಪುವಿನ ಫೋಟೋಕ್ಕೆ ಹಾರ ಹಾಕಿ, ಬರುವ ಒಬ್ಬಿಬ್ಬರಿಗಾಗಿ ದಿನವೂ ಬಾಗಿಲು ತೆಗೆಯುತ್ತಿದ್ದ. ಆ ಫೋಟೋ ಈಗಲೂ ಕನ್ನಡಿಯ ಮೇಲೆ ಇದೆ.

ಶಿಷ್ಯನ ಮಾತಿಗೂ ಒಂದು ಪುರಾಣವಿದೆ, ಪಾಪ ಅವನಿಗೇ ಗೊತ್ತಿಲ್ಲ. ಅಮೆರಿಕದ ರಾಬರ್ಟ್ ಹಿಕ್ಸನ್ ಎಂಬವರು ಭಾರ ಎತ್ತುವ ಆಸಾಮಿ. ಸಂಶೋಧನೆಗೆಂದು ಸೇಂಟ್ ಲೂಯಿಯಲ್ಲಿ ಜಾನ್ ಹೊಲೊಸಿ ಎಂಬ ಗುರುವಿನ ಬಳಿ ಸೇರಿದರು. ಗುರುವಿಗೆ ಓಟದ ಹುಚ್ಚು. ಗುರು ಓಡುವಾಗ ಶಿಷ್ಯ ಕೂತಿರಲಾದೀತೇ? ಹಿಕ್ಸನ್ನೂ ಜೊತೆಯಲ್ಲಿ ಓಡತೊಡಗಿದರು, ಕಬ್ಬಿಣವನ್ನೂ ಬಿಡಲಿಲ್ಲ. ನೋಡನೋಡುತ್ತಾ ತೋಳು ತೊಡೆ ಇಳಿಯತೊಡಗಿದವು. ಗುರುವಿಗೆ ಹೇಳಿದರೆ, ನಿನ್ನದೇ ಪ್ರಯೋಗಶಾಲೆ ಆದಾಗ ಮೊದಲು ಇದನ್ನೇ ಪರೀಕ್ಷೆ ಮಾಡು ಎಂದರಂತೆ. ಅವರು ಅದನ್ನೇ ಮಾಡಿ 1980ರಲ್ಲಿ ಪ್ರಕಟಿಸಿದರು. ಒಂದು ಗುಂಪಿಗೆ ಬರೀ ಭಾರ, ಒಂದಕ್ಕೆ ಬರೀ ಓಟ ಮತ್ತು ಸೈಕಲ್ಲು, ಇನ್ನೊಂದಕ್ಕೆ ಎರಡೂ. ಹತ್ತು ವಾರ. ಎರಡೂ ಮಾಡಿದವರ ಬಲ ಏಳು ವಾರ ಚೆನ್ನಾಗಿಯೇ ಏರಿತು, ಆಮೇಲೆ ನಿಂತಿತು, ಕೊನೆಯಲ್ಲಿ ಇಳಿಯಿತು. ದಮ್ಮು ಮಾತ್ರ ಓಡಿದವರಷ್ಟೇ ಹೆಚ್ಚಿತು. ಕಾರ್ಡಿಯೋ ಸ್ನಾಯುವನ್ನು ತಿನ್ನುತ್ತದೆ ಎಂಬ ಮಾತು ಆ ಕಾಲದಿಂದ ಕೈಯಿಂದ ಕೈಗೆ ದಾಟುತ್ತ ಗೊಬ್ಬರದ ಅಂಗಡಿಯ ಮಹಡಿಗೂ ಬಂದು ಸೇರಿದೆ.

ಬರುವಾಗ ಅರ್ಧ ದಾರಿಯಲ್ಲಿ ಬಿದ್ದುಹೋದ ಮಾತೊಂದಿದೆ. ಹಿಕ್ಸನ್ನರ ಆ ಮೂರನೇ ಗುಂಪಿನವರು ವಾರಕ್ಕೆ ಐದು ದಿನ ಭಾರ ಎತ್ತುತ್ತಿದ್ದರು, ಆರು ದಿನ ಏದುಸಿರು ಬಿಡುತ್ತ ಓಡುತ್ತಿದ್ದರು ಇಲ್ಲವೇ ಸೈಕಲ್ಲು ತುಳಿಯುತ್ತಿದ್ದರು. ಊಟಿ ರಸ್ತೆಯಲ್ಲಿ ಪೆನ್ಷನ್ ಮಾತಾಡುತ್ತ ನಡೆಯುವವನ ತೊಡೆಗೆ ಆ ಭಯ ಬೇಡ. ಅವನ ತೊಡೆ ಬತ್ತುವುದು ನಡಿಗೆ ಹೆಚ್ಚಾಗಿ ಅಲ್ಲ, ನೊಗ ಇಲ್ಲದ್ದಕ್ಕೆ. ವಿಶ್ವ ಆರೋಗ್ಯ ಸಂಸ್ಥೆಯವರು 2020ರಲ್ಲಿ ಹೊರಡಿಸಿದ ಸೂತ್ರದಲ್ಲಿ ವಾರಕ್ಕೆ 150ರಿಂದ 300 ನಿಮಿಷ ಚುರುಕು ನಡಿಗೆಯಂಥದ್ದು, ಅದರ ಮೇಲೆ ಎರಡು ದಿನವಾದರೂ ಸ್ನಾಯುವಿಗೆ ಕೆಲಸ ಎಂದಿದೆ. ಅಂದರೆ ಸಮ್ಮಿಶ್ರ ಸರ್ಕಾರ. ಅದರ ಕಷ್ಟಸುಖ ಕರ್ನಾಟಕದವರಿಗೆ ಬಿಡಿಸಿ ಹೇಳಬೇಕಿಲ್ಲ.

ನನಗೆ ಸೋಜಿಗವಾಗುವುದು ಇದನ್ನು ನಾವು ಯಾವಾಗ ಎರಡು ಮಾಡಿದೆವು ಎಂಬುದು. ಭೀಮ ಹನುಮರಿಬ್ಬರೂ ವಾಯುವಿನ ಮಕ್ಕಳೇ. ಒಬ್ಬ ಸಮುದ್ರ ಹಾರಿದವನು, ಇನ್ನೊಬ್ಬ ಗದೆ ಎತ್ತಿದವನು. ಸೌಗಂಧಿಕಾ ಪುಷ್ಪಕ್ಕೆ ಹೊರಟ ಭೀಮ ದಾರಿಯಲ್ಲಿ ಮಲಗಿದ್ದ ಮುದಿ ಕಪಿಯ ಬಾಲವನ್ನು ಎತ್ತಲಾರದೆ ಬೆವೆತ ಕಥೆಯನ್ನು ನಾನು ಎಷ್ಟೋ ವರ್ಷ ಪಾಠ ಹೇಳಿದ್ದೇನೆ. ಗರಡಿಮನೆಯಲ್ಲಿ ಮಾರುತಿಯ ಪಟ ಇರುತ್ತದೆ, ಪಕ್ಕದಲ್ಲೇ ಗದೆಯೂ ಇರುತ್ತದೆ. ಪೈಲ್ವಾನ ಮೊದಲು ಗುದ್ದಲಿ ಹಿಡಿದು ಅಖಾಡದ ಮಣ್ಣನ್ನೆಲ್ಲ ಅಗೆದು ಹದ ಮಾಡಬೇಕು. ಅಷ್ಟರಲ್ಲೇ ದಮ್ಮು ಕಟ್ಟಿರುತ್ತದೆ. ಆಮೇಲೆ ದಂಡೆ, ಬಸ್ಕಿ, ಆಮೇಲೆ ಗದೆ, ಕಡೆಗೆ ಜೋಡಿ ಹಿಡಿದು ಕುಸ್ತಿ. ಯಾವುದು ಕಾರ್ಡಿಯೋ ಯಾವುದು ಸ್ಟ್ರೆಂಗ್ತು ಎಂದು ಉಸ್ತಾದನನ್ನು ಕೇಳಿದ್ದರೆ ಇನ್ನೂ ಐವತ್ತು ಬಸ್ಕಿ ಹೊಡೆಸುತ್ತಿದ್ದ. ವಿಜಯದಶಮಿಯ ದಿನ ಮೈಸೂರು ಅರಮನೆಯಲ್ಲಿ ವಜ್ರಮುಷ್ಟಿ ಕಾಳಗಕ್ಕೆ ಇಳಿಯುವ ಜಟ್ಟಿಗಳಲ್ಲಿ ಚಾಮರಾಜನಗರದವರೂ ಇರುತ್ತಾರೆ. ತಲೆಯಿಂದ ರಕ್ತದ ಒಂದು ಹನಿ ಕಂಡರೆ ಕಾಳಗ ಮುಗಿಯಿತು. ಕೆಲವು ನಿಮಿಷಗಳ ಆ ಕೆಲಸಕ್ಕೆ ಅವರು ತಿಂಗಳುಗಟ್ಟಲೆ ಸಾಮು ಮಾಡಿರುತ್ತಾರೆ.

ಶಿಷ್ಯನಿಗೆ ಒಮ್ಮೆ ಕೆ.ವಿ. ಅಯ್ಯರ್ ಗೊತ್ತೇನಯ್ಯ ಎಂದು ಕೇಳಿದೆ. "ಯಾವ್ ಚಾನೆಲ್ ಸಾ?" ಎಂದ. ಬೆಂಗಳೂರಿನಲ್ಲಿ ಹರ್ಕ್ಯುಲಿಸ್ ವ್ಯಾಯಾಮಶಾಲೆ ಕಟ್ಟಿದವರು, ಡಂಬೆಲ್ಲನ್ನೂ ಸೂರ್ಯನಮಸ್ಕಾರವನ್ನೂ ಒಟ್ಟಿಗೆ ಕಲಿಸಿದವರು, 'ಮಸಲ್ ಕಲ್ಟ್' ಎಂದು ಪುಸ್ತಕ ಬರೆದವರು ಎಂದೆಲ್ಲ ಹೇಳಿದೆ. ಕಣ್ಣರಳಿಸಿ ಕೇಳಿದ. ಅವರೇ 'ಶಾಂತಲಾ' ಕಾದಂಬರಿ ಬರೆದದ್ದು ಎಂದ ಕೂಡಲೇ ಅವನ ಮುಖ ಬಾಡಿತು. ಮೇಷ್ಟ್ರು ಜಿಮ್ಮಿನೊಳಗೂ ಕನ್ನಡ ಪಾಠ ತಂದರಲ್ಲ ಎಂದಿರಬೇಕು.

ಮನೆಯ ಮಟ್ಟಿಗೆ ಹೇಳುವುದಾದರೆ ನನ್ನ ತಾತ ಕಪಿಲೆ ಹೊಡೆಯುತ್ತಿದ್ದ. ಬಾವಿಯ ಪಕ್ಕ ಇಳಿಜಾರಾಗಿ ತೋಡಿದ ದಾರಿ. ಜೋಡೆತ್ತು ಇಳಿಯುವಾಗ ತಾತ ಮಿಣಿಯ ಮೇಲೆ ಕೂತು ತನ್ನ ಭಾರವನ್ನೂ ಸೇರಿಸುತ್ತಿದ್ದ. ಚರ್ಮದ ಬಾನಿ ಮೇಲೆ ಬಂದು ತೊಟ್ಟಿಗೆ ಸುರಿಯುತ್ತಿತ್ತು. ಆಮೇಲೆ ಎತ್ತುಗಳನ್ನು ಹಿಂದುಹಿಂದಕ್ಕೆ ನಡೆಸಿಕೊಂಡು ಏರು ಹತ್ತಬೇಕು. ಮತ್ತೆ ಇಳಿ. ಕೋಳಿ ಕೂಗಿದಾಗಿನಿಂದ ಬಿಸಿಲೇರುವ ತನಕ. ಈಗ ಹುಡುಗರು ಮೊಬೈಲಿನಲ್ಲಿ ಗಡಿಯಾರವಿಟ್ಟುಕೊಂಡು ಅರ್ಧ ನಿಮಿಷ ಜೋರು, ಅರ್ಧ ನಿಮಿಷ ನಿಧಾನ ಎಂದು ಮಾಡುವುದನ್ನು ಅವನು ಎತ್ತಿನ ಕೊರಳಗಂಟೆಯ ಲೆಕ್ಕದಲ್ಲಿ ಮಾಡುತ್ತಿದ್ದ. ಒಳಗೆ ಅವ್ವ ಅದೇ ಹೊತ್ತಿಗೆ ರಾಗಿಕಲ್ಲಿನ ಮುಂದೆ ಒಂದು ಕಾಲು ನೀಡಿ ಒಂದು ಕಾಲು ಮಡಚಿ ಕೂತು, ಗೂಟ ಹಿಡಿದು ತಿರುಗಿಸುತ್ತಿದ್ದಳು. ಬಲಗೈ ಸೋತರೆ ಎಡಗೈ. ಬಾಯಿಗೆ ಹಾಕುವ ಒಂದೊಂದು ಹಿಡಿ ರಾಗಿಗೂ ಕಲ್ಲಿನ ಸದ್ದು ಒರಟಾಗಿ, ಆಮೇಲೆ ನುಣುಪಾಗುತ್ತಿತ್ತು. ಊರಿಗೆ ಹಿಟ್ಟಿನ ಮಿಷನ್ ಬಂದ ಮೇಲೆ ಕಲ್ಲು ಹಿತ್ತಲು ಸೇರಿತು. ಬೋರ್‌ವೆಲ್ ಬಂದು ಕಪಿಲೆ ಹೋಯಿತು, ಟ್ರ್ಯಾಕ್ಟರ್ ಬಂದು ಎತ್ತು ಹೋದವು, ಮನೆಗೊಂದು ಬೈಕು ಬಂದು ಕಾಲು ಹೋದವು. ಇವತ್ತು ನಮ್ಮ ಸೀಮೆಯಲ್ಲಿ ಸಣ್ಣ ಈರುಳ್ಳಿ ಕೀಳುವ, ಚೆಂಡುಹೂ ಕೊಯ್ಯುವ ಹೆಂಗಸರನ್ನು ಬಿಟ್ಟರೆ ಬಗ್ಗಿ ಏಳುವವರೇ ಕಡಿಮೆ. ಆ ಹೂವಿನ ಹೊಲದ ಮುಂದೆ ಕಾರು ನಿಲ್ಲಿಸಿ ಸೆಲ್ಫಿ ತೆಗೆಯುವವರು ಮೊಬೈಲು ಎತ್ತುವುದಕ್ಕಿಂತ ಹೆಚ್ಚಿನ ಭಾರವನ್ನು ಎತ್ತುವುದಿಲ್ಲ.

ಹಾಗೆಂದು ಆ ಕಾಲವೇ ಬಲು ಚೆನ್ನಾಗಿತ್ತು ಎಂದು ಹಾಡುವ ಪೈಕಿ ನಾನಲ್ಲ. ತಾತನ ಮೈಯಲ್ಲಿ ಕೊಬ್ಬಿರಲಿಲ್ಲ, ಏಕೆಂದರೆ ಮನೆಯಲ್ಲಿ ಊಟವಿರಲಿಲ್ಲ. ಅವನ ಹೊಟ್ಟೆಯ ಮೇಲೆ ಎದ್ದು ಕಾಣುತ್ತಿದ್ದ ಗೆರೆಗಳನ್ನು ಈಗಿನ ಹುಡುಗರು ಸಿಕ್ಸ್ ಪ್ಯಾಕ್ ಎಂದು ಮೆಚ್ಚುತ್ತಿದ್ದರೇನೋ. ನಮ್ಮ ಮನೆಯಲ್ಲಿ ಅದಕ್ಕೆ ಹಸಿವು ಎನ್ನುತ್ತಿದ್ದರು. ಅರವತ್ತು ಮುಟ್ಟುವ ಮೊದಲೇ ಹೋದ.

ಆ ಹಸಿವಿಗೂ ನನ್ನ ಹೊಟ್ಟೆಗೂ ನಂಟಿದೆ ಎಂಬ ಅನುಮಾನ ನನಗೆ ಹುಟ್ಟಿದ್ದು ಒಂದು ಫೋಟೋದಿಂದ. 2004ರಲ್ಲಿ 'ಲ್ಯಾನ್ಸೆಟ್' ಪತ್ರಿಕೆಯಲ್ಲಿ ಇಬ್ಬರು ವೈದ್ಯರು ತಮ್ಮದೇ ಚಿತ್ರ ಹಾಕಿಸಿಕೊಂಡರು. ಒಬ್ಬರು ಪುಣೆಯ ಯಾಜ್ಞಿಕ್, ಇನ್ನೊಬ್ಬರು ಲಂಡನ್ನಿನ ಯುಡ್ಕಿನ್. ಇಬ್ಬರೂ ತೆಳ್ಳಗಿನವರು, ಎತ್ತರಕ್ಕೆ ತಕ್ಕ ತೂಕದ ಅಂಕಿ ಇಬ್ಬರದ್ದೂ 22.3. ಆದರೆ ಒಳಗೆ ಅಳೆದು ನೋಡಿದರೆ ಯುಡ್ಕಿನ್ನರ ಮೈಯಲ್ಲಿ ಕೊಬ್ಬು ನೂರಕ್ಕೆ 9.1, ನಮ್ಮವರಲ್ಲಿ 21.2. ನಾವು ಸೊರಗಿದಂತೆ ಕಾಣುತ್ತಲೇ ಕೊಬ್ಬಿದವರು. ಹುಟ್ಟುವ ಕೂಸುಗಳಲ್ಲೇ ಹೀಗೆ, ತೂಕ ಕಡಿಮೆ, ಕೊಬ್ಬಿನ ಪಾಲು ಮಾತ್ರ ಕಮ್ಮಿಯಿಲ್ಲ ಎಂದು ಯಾಜ್ಞಿಕರು ತೋರಿಸಿದ್ದಾರೆ. ತಲೆಮಾರುಗಳ ಅರೆಹೊಟ್ಟೆಗೂ ಇದಕ್ಕೂ ಸಂಬಂಧವಿದೆಯೆಂಬ ವಾದವುಂಟು. ಎತ್ತು ಕಡಿಮೆ, ಹಗೇವು ದೊಡ್ಡದು ಎಂಬ ಸಂಸಾರ ನಮಗೆ ಪಿತ್ರಾರ್ಜಿತವಾಗಿ ಬಂದಂತಿದೆ. ಬರೀ ತೂಕದ ಮಿಷನ್ನಿನ ಮೇಲೆ ನಿಂತು ಹಿಗ್ಗುವವರು ಇದನ್ನು ನೆನಪಿಡುವುದು ಒಳ್ಳೆಯದು.

ಇನ್ನು ಎತ್ತಿನ ಮೇವು. ಶಿಷ್ಯ ನನ್ನ ತೂಕ ಕೇಳಿ, ಫೋನಿನಲ್ಲಿ ಲೆಕ್ಕ ಹಾಕಿ, "ದಿನಕ್ಕ ನೂರಿಪ್ಪತ್ತೈದು ಗ್ರಾಂ ಪ್ರೋಟೀನ್ ಬೇಕು ಸಾ, ಹನ್ನೆರಡ್ ಮೊಟ್ಟ ಹೊಡೀರಿ" ಎಂದ. ಲೆಕ್ಕವೇನೋ ಸರಿ. ಭಾರ ಎತ್ತಿ ಸ್ನಾಯು ಬೆಳೆಸುವವರಿಗೆ ಕಿಲೋ ತೂಕಕ್ಕೆ 1.6 ಗ್ರಾಂವರೆಗೆ ಪ್ರಯೋಜನವಿದೆ ಎಂದು ಕಂಡುಕೊಂಡಿದ್ದಾರೆ. ಸಾಮಾನ್ಯ ಜನಕ್ಕೆ ಐಸಿಎಂಆರ್ ಹೇಳುವುದು 0.83. ಆದರೆ ನಮ್ಮ ಮನೆಯ ಹೊಸ್ತಿಲನ್ನು ಮೊಟ್ಟೆ ದಾಟಿದ ಚರಿತ್ರೆಯಿಲ್ಲ. ಹನ್ನೆರಡು ಹಾಗಿರಲಿ, ಒಂದರ ಹೆಸರೆತ್ತಿದರೂ ನನ್ನ ಹೆಂಡತಿ ನನ್ನನ್ನು ಗೊಬ್ಬರದ ಅಂಗಡಿಯ ಮಹಡಿಯಲ್ಲೇ ಮಲಗಿಕೊಳ್ಳಿ ಎನ್ನುತ್ತಾಳೆ. ಪ್ರೋಟೀನ್ ಪುಡಿಯ ಡಬ್ಬದ ಬೆಲೆ ಕೇಳಿ ನಾನೇ ಸುಮ್ಮನಾದೆ.

ಕೊನೆಗೆ ಕೈ ಹಿಡಿದದ್ದು ಹುರುಳಿ. ನೂರು ಗ್ರಾಂ ಹುರುಳಿಯಲ್ಲಿ ಇಪ್ಪತ್ತೆರಡು ಗ್ರಾಂ ಪ್ರೋಟೀನಿದೆ, ರಾಗಿಯಲ್ಲಿ ಏಳು. ನಮ್ಮ ಕಡೆ ಹುರುಳಿಯನ್ನು ಬೇಯಿಸಿ ಕಟ್ಟು ಬಸಿದು ಸಾರು ಮಾಡಿ ಮನೆಮಂದಿ ಉಣ್ಣುತ್ತಿದ್ದರು, ಬೆಂದ ಕಾಳಿನ ಹೆಚ್ಚಿನ ಪಾಲು ಎತ್ತಿಗೆ ಹೋಗುತ್ತಿತ್ತು. ಪ್ರೋಟೀನಿನ ಬಹುಪಾಲು ಕಾಳಿನಲ್ಲೇ ಉಳಿಯುತ್ತದೆಂದು ಎತ್ತಿಗೆ ಮೊದಲೇ ಗೊತ್ತಿತ್ತು. ಈಗ ಎತ್ತಿಲ್ಲದ ಮನೆಯಲ್ಲಿ ಆ ಪಾಲನ್ನು ನಾನು ತಿನ್ನುತ್ತಿದ್ದೇನೆ. ಹಿಟ್ಟಿನ ಗಾತ್ರ ಅರ್ಧವಾಗಿದೆ, ಹುರುಳಿಕಾಳು, ಅವರೆಕಾಳು, ಮೊಸರು, ಕಡಲೆ ಸೇರಿ ಎಪ್ಪತ್ತು ಎಪ್ಪತ್ತೈದು ಗ್ರಾಂ ಹೊಂದುತ್ತದೆ. ಶಿಷ್ಯ ಮೂಗು ಮುರಿಯುತ್ತಾನೆ. ಮನೆಯವರು ಹುರುಳಿಯ ಇತರ ಪರಿಣಾಮಗಳಿಗಾಗಿ ಮೂಗು ಮುಚ್ಚುತ್ತಾರೆ.

ಹೀಗೆ ಈಗ ನಾನು ಎರಡೂ ಪಾರ್ಟಿಯ ಮೆಂಬರು. ದಿನಬಿಟ್ಟು ದಿನ ಕಬ್ಬಿಣ, ಉಳಿದ ದಿನ ಊಟಿ ರಸ್ತೆ. ಎರಡೂ ಒಂದೇ ದಿನ ಬಿದ್ದರೆ ಮೊದಲು ಕಬ್ಬಿಣ, ಮೈಯಲ್ಲಿ ಕಸುವಿರುವಾಗ. ಆಮೇಲೆ ನಡಿಗೆ, ಮಾತಾಡಲು ಉಸಿರಿರುವಷ್ಟು. ಕಣ್ಣಿಗೆ ಕಾಣುವ ಗೋಪಾಲಸ್ವಾಮಿ ಬೆಟ್ಟವನ್ನು ಹತ್ತಿ ಬೆವರು ಹರಿಸೋಣವೆಂದರೆ 1,454 ಮೀಟರಿನ ಆ ಬೆಟ್ಟಕ್ಕೆ ಬುಡದಿಂದ ಸರ್ಕಾರಿ ಬಸ್ಸಿನಲ್ಲೇ ಹೋಗಬೇಕು, ಆನೆಗಳ ರಾಜ್ಯ ಅದು. ವಡೆಯನ್ನು ಒಂದಕ್ಕೆ ಇಳಿಸಿದ್ದೇನೆ. ಅಷ್ಟಕ್ಕೇ ನಡಿಗೆ ಪಾರ್ಟಿಯವರು ನನ್ನನ್ನು ಪಕ್ಷಾಂತರಿ ಎನ್ನುತ್ತಾರೆ.

ಎರಡು ಪಾರ್ಟಿಯ ಬಲಾಬಲ ಬಯಲಾದದ್ದು ಭೀಮನಬೀಡಿನಲ್ಲಿ, ನಮ್ಮ ದಾಯಾದಿಗಳ ಮನೆಯ ಗೃಹಪ್ರವೇಶದಲ್ಲಿ. ಪೇಟೆಯಿಂದ ನಡಿಗೆಯವರೂ ಬಂದಿದ್ದರು, ಶಿಷ್ಯನೂ ಬಂದಿದ್ದ. ಮನೆಯ ಹಿರಿಯರು ಬಫೆ ಗಿಫೆ ಬೇಡವೆಂದು ಹಟ ಹಿಡಿದು ನೆಲದ ಮೇಲೆ ಚಾಪೆ ಹಾಸಿ ಪಂಕ್ತಿ ಹಾಕಿಸಿದ್ದರು. ಎಲೆಯ ಮುಂದೆ ಕೂತಾಗ ನನಗೆ ರಿಯೊ ಡಿ ಜನೈರೊದ ಅರೌಜೊ ಎಂಬ ವೈದ್ಯರ ಪರೀಕ್ಷೆ ನೆನಪಾಯಿತು. 51ರಿಂದ 80 ವಯಸ್ಸಿನ 2,002 ಜನರನ್ನು ನೆಲದ ಮೇಲೆ ಕೂತು ಏಳಿ ಎಂದು ಹೇಳಿ ಅವರು ಅಂಕ ಕೊಟ್ಟರು. ಕೂರುವುದಕ್ಕೆ ಐದು, ಏಳುವುದಕ್ಕೆ ಐದು. ಕೈಯೂರಿದರೆ ಒಂದು ಕಟ್, ಮೊಣಕಾಲೂರಿದರೆ ಇನ್ನೊಂದು ಕಟ್. ಅಂಕ ಕಡಿಮೆ ಬಂದವರಲ್ಲಿ ಮುಂದಿನ ವರ್ಷಗಳಲ್ಲಿ ಸಾವು ಹೆಚ್ಚು ಕಂಡಿತು ಎಂದು 2012ರಲ್ಲಿ ಬರೆದರು. ಬ್ರೆಜಿಲ್‌ನವರಿಗೆ ಇದಕ್ಕೊಂದು ಪ್ರಯೋಗಶಾಲೆ ಬೇಕಾಯಿತು, ನಮಗೆ ಹೋಳಿಗೆ ಊಟ ಸಾಕು.

ಊಟ ಮುಗಿಯಿತು, ಏಳುವ ಹೊತ್ತು ಬಂತು. ನಡಿಗೆ ಪಾರ್ಟಿಯ ಅಧ್ಯಕ್ಷರು ಎಡಗೈ ಊರಿದರು, ಬಲ ಮೊಣಕಾಲು ಊರಿದರು, ಸಾಲದೆ ಪಕ್ಕದವರ ಭುಜ ಹಿಡಿದರು, ಇಬ್ಬರೂ ಒಟ್ಟಿಗೆ ವಾಲಿದರು. ನನ್ನ ಶಿಷ್ಯನದು ಬೇರೆ ಪಾಡು. ಅವನ ಎದೆ ತೋಳು ನೋಡಿ ಬಡಿಸುವವರು ಎರಡೆರಡು ಹೋಳಿಗೆ ಹೆಚ್ಚಿಗೆ ಹಾಕಿದ್ದರು. ಕಾಲಿನ ದಿನ ಬಂದಾಗಲೆಲ್ಲ ಎದೆಯ ದಿನ ಮಾಡಿಕೊಂಡು ಬಂದ ಹುಡುಗ, ಚಕ್ಕಳಮಕ್ಕಳ ಹಾಕಲಾರದೆ ಇಡೀ ಊಟ ಒಂದೇ ಪಕ್ಕಕ್ಕೆ ವಾಲಿಕೊಂಡು ಉಂಡು, ಕಾಲು ಜೋಮು ಹಿಡಿದು ಎಲೆಯ ಮುಂದೆಯೇ ನಾಲ್ಕು ಕಾಲಿನ ಮೇಲೆ ನಿಂತಿದ್ದ. ನಾನು ಒಂದು ಕೈಯೂರಿ ಎದ್ದೆ. ಒಂಬತ್ತು ಎಂದು ಬೇಕಾದರೆ ಬರೆದುಕೊಳ್ಳಿ, ಒಂಬತ್ತೂವರೆ ಎಂದರೂ ಬೇಡವೆನ್ನೆ.

ಎದುರು ಸಾಲಿನಲ್ಲಿ ಕೂತಿದ್ದ ಅವ್ವ ಸೆರಗು ಸಿಕ್ಕಿಸಿಕೊಂಡು, ಎರಡೂ ಪಾದ ಒಳಕ್ಕೆ ಎಳೆದುಕೊಂಡು, ಏನನ್ನೂ ಹಿಡಿಯದೆ ಎದ್ದು ನಿಂತಿದ್ದಳು. ಎಂಬತ್ತು ದಾಟಿದ ಜೀವ. ನಾಲ್ಕು ಕಾಲಿನ ಮೇಲಿದ್ದ ಶಿಷ್ಯನನ್ನು ಕಂಡು ಏನೋ ಕಳೆದುಕೊಂಡು ಹುಡುಕುತ್ತಿದ್ದಾನೆಂದು ತಿಳಿದು, "ಏನಪ್ಪ ಕೂಸು, ಉಂಗ್ರ ಬಿದ್ದೋಯ್ತಾ?" ಎಂದಳು. ಆಮೇಲೆ ಇಡೀ ಪಂಕ್ತಿಯ ಕಡೆ ತಿರುಗಿ, "ಏಳ್ರಪ್ಪ, ಬಿರ್ರನ ಏಳಿ, ಎಲ ತಗೀಬೇಕು. ಉಣ್ದೇ ನಿಂತಿರೋ ಜನ ಬೀದಿ ಗಂಟ ಅವ್ರ" ಎಂದು ಗದರಿದಳು.